ಬಂಡೆಯೇರುವ ಬಂಡಿ

ಹಿಂದಿನ ಸಮ್ಮೇಳನದ ಎರಡನೆಯ ದಿನ ಮಧ್ಯಾಹ್ನ ಬಿಸಿಬೇಳೆ ಭಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಬಹುಕಾಲದ ಮೇಲೆ ಕಂಡ ಹಿರಿಯ ಮಿತ್ರರೊಬ್ಬರು ಹೆಗಲ ಮೇಲೆ ಕೈಯಿಟ್ಟು ಎರಡು ಪ್ರಶ್ನೆ ಕೇಳಿದರು. "ಅಲ್ಲಾ ಸ್ವಾಮಿ, ಗರಾಜಿನಲ್ಲಿ ನೀವೇ ಒಂದು ಗಾಡಿ ಕಟ್ಟಿದ್ದೀರಂತಲ್ಲ, ನಿಜವೆ?" ಎಂಬುದು ಮೊದಲನೆಯದು. "ಮಗ ಈಗ ಏನು ಮಾಡುತ್ತಿದ್ದಾನೆ?" ಎಂಬುದು ಎರಡನೆಯದು. ಮೊದಲನೆಯದಕ್ಕೆ ಹೌದೆಂದು ನಕ್ಕೆ. ಎರಡನೆಯದಕ್ಕೆ, "ಲೋಹಗಳ ಕ್ಷೇತ್ರದಲ್ಲಿದ್ದಾನೆ" ಎಂದೆ. "ಓ, ಮೆಟಲರ್ಜಿ! ಬಹಳ ಸಂತೋಷ" ಎಂದು ಅವರು ಪಲ್ಯದ ಕಡೆಗೆ ಸರಿದರು.

ಪಕ್ಕದಲ್ಲಿದ್ದ ನನ್ನ ಪತ್ನಿ ಆಗ ಏನೂ ಹೇಳಲಿಲ್ಲ. ರಾತ್ರಿ ಹೋಟೆಲಿನ ಕೋಣೆಯಲ್ಲಿ ರೇಷ್ಮೆ ಸೀರೆ ಮಡಿಸುತ್ತ, "ಪುಣ್ಯಕ್ಷೇತ್ರ ಕೇಳಿದ್ದೇನೆ, ಲೋಹಗಳ ಕ್ಷೇತ್ರ ಯಾವುದು ರೀ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಆ ಮಿತ್ರರಿಗೆ ನಾನು ಸರಿಯಾದ ಉತ್ತರ ಕೊಡದೆ ಉಳಿಸಿಕೊಂಡದ್ದು ನೆನಪಾಯಿತು. ಎರಡು ಪ್ರಶ್ನೆಗಳ ಉತ್ತರವೂ ಒಂದೇ ಗರಾಜಿನಲ್ಲಿರುವುದರಿಂದ ಗಾಡಿಯಿಂದಲೇ ಆರಂಭಿಸುತ್ತೇನೆ.

ಏನಿದು ಬಂಡೆಯೇರುವ ಆಟ?

ಅಮೆರಿಕೆಯ ಪಶ್ಚಿಮ ಭಾಗದಲ್ಲಿ ವಾಸಿಸುವವರಿಗೆ 'ರಾಕ್ ಕ್ರಾಲಿಂಗ್' ಎಂಬ ಹೆಸರು ಹೊಸದಲ್ಲ. ದಾರಿಯೇ ಇಲ್ಲದ ಕಡೆ, ಮನುಷ್ಯನೆತ್ತರದ ಬಂಡೆಗಳ ಮೇಲೆ, ನಾಲ್ಕು ಚಕ್ರದ ವಾಹನವನ್ನು ಹಲ್ಲಿಯಂತೆ ಮೆಲ್ಲಗೆ ಹತ್ತಿಸಿ ಇಳಿಸುವ ಆಟ ಇದು. ಇದಕ್ಕೂ ತೀರ್ಥಕ್ಷೇತ್ರಗಳಿವೆ. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಲೇಕ್ ಟಾಹೋ ಕಡೆಗೆ ಸಾಗುವ ಸುಮಾರು 22 ಮೈಲಿಗಳ ರೂಬಿಕಾನ್ ಹಾದಿ ಅವುಗಳಲ್ಲೊಂದು. ಅಲ್ಲಿ 1953ರಿಂದ ಜೀಪುಗಳ ಜಾತ್ರೆ ನಡೆಯುತ್ತ ಬಂದಿದೆ. ಯೂಟಾ ರಾಜ್ಯದ ಮೋಆಬ್ ಇನ್ನೊಂದು. ಅಲ್ಲಿ ಈಸ್ಟರ್ ಸಮಯದ ಜೀಪ್ ಸಫಾರಿ ಆರಂಭವಾದದ್ದು 1967ರಲ್ಲಿ. ಕ್ಯಾಲಿಫೋರ್ನಿಯದ ಮರುಭೂಮಿಯ ಜಾನ್ಸನ್ ವ್ಯಾಲಿಯಲ್ಲಿ 2007ರಲ್ಲಿ ಮೊದಲಾದ 'ಕಿಂಗ್ ಆಫ್ ದ ಹ್ಯಾಮರ್ಸ್' ಸ್ಪರ್ಧೆಯಲ್ಲಿ ಬಂಡೆಯ ಜೊತೆಗೆ ವೇಗವೂ ಸೇರಿಕೊಂಡಿದೆ. ಆದರೆ ನಮ್ಮಂಥವರ ಆಟದಲ್ಲಿ ವೇಗಕ್ಕೆ ಸ್ಥಾನವಿಲ್ಲ. ನಿಧಾನವೇ ಇಲ್ಲಿಯ ವಿದ್ಯೆ.

ನಾವಿರುವುದು ಆರಿಜೋನದಲ್ಲಿ, ಫೀನಿಕ್ಸ್ ಸಮೀಪ. 2013ರ ವಸಂತದಲ್ಲಿ ಊರಿನಿಂದ ಬಂದ ನಂಟರಿಗೆ ಆರ್ಚಸ್ ರಾಷ್ಟ್ರೀಯ ಉದ್ಯಾನ ತೋರಿಸಲು ಮೋಆಬಿಗೆ ಹೋಗಿದ್ದೆವು. ಊರ ಹೊರಗಿನ ಕೆಂಪು ಬಂಡೆಗಳ ಮೇಲೆ ಎಂಜಿನ್ನು, ಚಕ್ರ, ಕಬ್ಬಿಣದ ಕೊಳವೆಗಳಿಂದಾದ ಒಂದು ಪಂಜರ, ಇಷ್ಟೇ ಇದ್ದ ವಾಹನವೊಂದು ಗೋಡೆಯಂತಹ ಕಡಿದಾದ ಜಾಗವನ್ನು ಹತ್ತುತ್ತಿತ್ತು. ಬಾಗಿಲಿಲ್ಲ, ಗಾಜಿಲ್ಲ, ಮೈಮೇಲೆ ತಗಡೂ ಇಲ್ಲ. ಇದನ್ನೇ ಇಲ್ಲಿನವರು 'ಬಗ್ಗಿ' ಎನ್ನುತ್ತಾರೆ. ಹದಿನೇಳು ವರ್ಷದ ನನ್ನ ಮಗ ಆ ಬಂಡೆಯ ಕೆಳಗೆ ಎರಡು ಗಂಟೆ ನಿಂತ. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ವಯಸ್ಸು ಅವನದು. ಅಂದು ಹಿಂದಿರುಗುವಾಗ ಫ್ಲಾಗ್‌ಸ್ಟಾಫ್ ಬರುವ ತನಕ ಅವನು ಮಾತನಾಡುತ್ತಲೇ ಇದ್ದ. "ಅಪ್ಪ, ನೀನು ಮೆಕ್ಯಾನಿಕಲ್ ಇಂಜಿನಿಯರ್ ಅಲ್ವಾ? ನಾವೇ ಒಂದು ಕಟ್ಟೋಣ" ಎಂದ.

ಆ ಮಾತು ಚುಚ್ಚಿತೆಂದೇ ಹೇಳಬೇಕು. ಇಪ್ಪತ್ತೈದು ವರ್ಷಗಳಿಂದ ಲೋಹದ ಭಾಗಗಳ ಮೇಲೆ ಬೀಳುವ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಸಂಬಳ ಪಡೆದವನು ನಾನು. ಆದರೆ ನನ್ನ ಕೈಯಿಂದ ಒಂದು ನಟ್ಟು ಬಿಗಿಸಿದ್ದೂ ಅಪರೂಪ.

ನಿಧಾನದ ಲೆಕ್ಕ

2014ರ ಆರಂಭದಲ್ಲಿ 1985ನೆಯ ಇಸವಿಯ ಟೊಯೋಟಾ ಪಿಕಪ್ಪೊಂದನ್ನು ಕೊಂಡೆವು. ಹಳೆಯದೆಂದು ಹಗುರವಾಗಿ ಕಾಣಬಾರದು. ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚು ಹೊತ್ತಿರುವುದು, ಜೊತೆಗೆ 2.4 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಫ್ಯೂಯೆಲ್ ಇಂಜೆಕ್ಷನ್ ಇರುವುದು, ಇವೆರಡೂ ಒಟ್ಟಿಗೆ ಸಿಗುವುದು ಆ ವರ್ಷದ ಪಿಕಪ್ಪಿನಲ್ಲೇ. ಮರುವರ್ಷದಿಂದ ಮುಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್ ಬಂದಿತು. ಕಾರ್ಬೊರೇಟರ್ ಇದ್ದರೆ ಗಾಡಿ ತೀರ ವಾಲಿದಾಗ ಪೆಟ್ರೋಲು ಸರಿಯಾಗಿ ಹರಿಯದೆ ಎಂಜಿನ್ನು ನಿಂತುಹೋಗುತ್ತದೆ. ಇಂಜೆಕ್ಷನ್ನಿಗೆ ಆ ಕಷ್ಟ ಕಡಮೆ.

ಇನ್ನು ನಿಧಾನದ ಲೆಕ್ಕ. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ದಾರಿಯಲ್ಲಿ ಗೇರುಗಳು ಎಷ್ಟು ಸಲ ವೇಗವನ್ನು ತಗ್ಗಿಸುತ್ತವೆಯೋ ಅಷ್ಟೇ ಪ್ರಮಾಣದಲ್ಲಿ ತಿರುಗಿಸುವ ಬಲ ಹೆಚ್ಚುತ್ತದೆ. ನಮ್ಮ ಗಾಡಿಯ ಮೊದಲ ಗೇರು 3.95, ಟ್ರಾನ್ಸ್‌ಫರ್ ಕೇಸಿನ 'ಲೋ' 2.28, ಅಚ್ಚಿನೊಳಗಿನ ಗೇರು 4.10. ಗುಣಿಸಿದರೆ ಸುಮಾರು 37. ಎಂಜಿನ್ನು 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಬಂಡೆಗೆ ಇದು ಏನೇನೂ ಸಾಲದು. ಎರಡನೆಯ ಟ್ರಾನ್ಸ್‌ಫರ್ ಕೇಸೊಂದನ್ನು ಮೊದಲನೆಯದರ ಹಿಂದೆ ಜೋಡಿಸಿ ಅದರೊಳಗೆ 4.70ರ ಗೇರು ಹಾಕಿದೆವು. ಅಚ್ಚಿನ ಗೇರನ್ನು 5.29ಕ್ಕೆ ಬದಲಿಸಿದೆವು. ಈಗ ಗುಣಿಸಿದರೆ 224. ಎಂಜಿನ್ನು ನಿಮಿಷಕ್ಕೆ 750 ಸುತ್ತಿನಂತೆ ಸುಮ್ಮನೆ ಗುನುಗುತ್ತಿರುವಾಗ ನಮ್ಮ 37 ಅಂಗುಲದ ಟೈರು ನಿಮಿಷಕ್ಕೆ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಎಂದರೆ ನಿಮಿಷಕ್ಕೆ ಸುಮಾರು 32 ಅಡಿ. ನಮ್ಮೂರ ಎತ್ತಿನ ಗಾಡಿ ಇದನ್ನು ಹಿಂದೆ ಹಾಕಿ, ಸಂತೆಯಲ್ಲಿ ವ್ಯಾಪಾರ ಮುಗಿಸಿಕೊಂಡು, ಎದುರಿಗೆ ಸಿಕ್ಕೀತು!

ಇನ್ನೆರಡು ಏರ್ಪಾಡುಗಳನ್ನು ಹೇಳಬೇಕು. ಸಾಮಾನ್ಯ ವಾಹನದಲ್ಲಿ ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಡಿಫರೆನ್ಷಿಯಲ್ಲಿನ ಸ್ವಭಾವದಿಂದ ಆ ಚಕ್ರವೇ ವ್ಯರ್ಥವಾಗಿ ತಿರುಗುತ್ತದೆ, ನೆಲದ ಮೇಲಿರುವುದು ಸುಮ್ಮನಿರುತ್ತದೆ. 'ಲಾಕರ್' ಎಂಬ ಬೀಗ ಹಾಕಿದರೆ ಎರಡೂ ಚಕ್ರಗಳು ಕೂಡಿಯೇ ತಿರುಗಬೇಕು. ಎರಡನೆಯದು ಟೈರಿನ ಗಾಳಿ. ರಸ್ತೆಯ ಮೇಲೆ ಚದರಂಗುಲಕ್ಕೆ 30 ಪೌಂಡಿನಷ್ಟಿರುವ ಒತ್ತಡವನ್ನು ಬಂಡೆಯ ಮೇಲೆ 8ಕ್ಕೆ ಇಳಿಸುತ್ತೇವೆ. ಟೈರು ಆಗ ಬರಿಗಾಲಿನ ಹಾಗೆ ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಅಷ್ಟು ಕಡಮೆ ಗಾಳಿಗೆ ಟೈರು ಕಳಚಿಕೊಳ್ಳದಂತೆ ಅದರ ಅಂಚನ್ನು ಚಕ್ರಕ್ಕೆ ಬೋಲ್ಟುಗಳಿಂದ ಬಂಧಿಸಿರುತ್ತಾರೆ.

ಪಂಜರ

ಬಗ್ಗಿಯ ಜೀವಾಳವೆಂದರೆ ಕೊಳವೆಯ ಚೌಕಟ್ಟು. ಅಸ್ಥಿಪಂಜರವೂ ಅದೇ, ಉರುಳಿದಾಗ ತಲೆ ಕಾಯುವ ಛತ್ರಿಯೂ ಅದೇ. ಇದಕ್ಕೆ ಬಳಸುವುದು 'ಡಿ.ಓ.ಎಂ.' ಎಂಬ ಉಕ್ಕಿನ ಕೊಳವೆ. ತಗಡನ್ನು ಸುತ್ತಿ ಬೆಸೆದ ಮೇಲೆ ಒಳಗೊಂದು ದಿಂಡನ್ನಿಟ್ಟು ಎಳೆದು ಗಾತ್ರವನ್ನೂ ಗೋಡೆಯ ದಪ್ಪವನ್ನೂ ಸಮನಾಗಿಸಿರುತ್ತಾರೆ. ನಾವು ತಂದದ್ದು ಒಂದೂಮುಕ್ಕಾಲು ಅಂಗುಲ ವ್ಯಾಸದ, 0.120 ಅಂಗುಲ ದಪ್ಪದ, ಇಪ್ಪತ್ತು ಅಡಿಯ ಹತ್ತು ಕೊಳವೆಗಳು. ಅಡಿಗೆ ಎರಡು ಪೌಂಡಿಗಿಂತ ಸ್ವಲ್ಪ ಹೆಚ್ಚು ತೂಕ. ಅವು ಮನೆಯ ಮುಂದೆ ಇಳಿದ ಮೂರನೆಯ ದಿನವೇ ಬಡಾವಣೆಯ ನಿವಾಸಿಗಳ ಸಂಘದಿಂದ ಪತ್ರ ಬಂದಿತು: ಗರಾಜಿನ ಬಾಗಿಲು ಮುಚ್ಚಿರಬೇಕು. ಹೊರಗೆ 110 ಡಿಗ್ರಿ ಬಿಸಿಲು, ಒಳಗೆ ಮುಚ್ಚಿದ ಬಾಗಿಲು, ನಡುವೆ ಅಪ್ಪ ಮಗ.

ವಿನ್ಯಾಸವನ್ನು ನಾನು ಮಾಡಿದೆ. ನನಗೆ ಗೊತ್ತಿದ್ದದ್ದು ಅದೊಂದೇ. ಎಲ್ಲೆಲ್ಲಿಯೂ ತ್ರಿಕೋನ ಬರುವಂತೆ ಕೊಳವೆಗಳನ್ನು ಸೇರಿಸಿದೆ. ಚೌಕ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಭಾರವನ್ನು ಸಾಧ್ಯವಾದಷ್ಟು ಕೆಳಕ್ಕೆ ತಂದೆ. ಗಾಡಿಯ ಅಗಲದ ಅರ್ಧ 32 ಅಂಗುಲವಿದ್ದು ಗುರುತ್ವಕೇಂದ್ರವೂ 32 ಅಂಗುಲ ಎತ್ತರದಲ್ಲಿದ್ದರೆ 45 ಡಿಗ್ರಿ ವಾಲಿದೊಡನೆ ಅದು ಮಗುಚುತ್ತದೆ. ಕೇಂದ್ರವನ್ನು 28 ಅಂಗುಲಕ್ಕೆ ಇಳಿಸಿದರೆ ಸುಮಾರು 49 ಡಿಗ್ರಿ. ಆ ನಾಲ್ಕು ಡಿಗ್ರಿಗಾಗಿ ಪೆಟ್ರೋಲಿನ ಟ್ಯಾಂಕನ್ನು ಮೂರು ಸಲ ಬೇರೆ ಬೇರೆ ಕಡೆ ಇಟ್ಟು ನೋಡಿದೆವು.

ಕೊಳವೆಯನ್ನು ಬಗ್ಗಿಸುವ ಯಂತ್ರಕ್ಕೆ ಮಗ ಬಹು ಬೇಗ ಒಗ್ಗಿಕೊಂಡ. ಒಂದು ಕೊಳವೆ ಇನ್ನೊಂದರ ಬೆನ್ನಿಗೆ ಸರಿಯಾಗಿ ಕೂರಬೇಕಾದರೆ ಅದರ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯಬೇಕು. ಸಂದಿನಲ್ಲಿ ಬೆಳಕು ಕಂಡರೆ ಅವನು ಅದನ್ನು ಬದಿಗೆ ಎಸೆಯುತ್ತಿದ್ದ. ನನಗೋ, ಅಷ್ಟು ಸಣ್ಣ ಸಂದನ್ನು ಬೆಸುಗೆ ತುಂಬೀತು ಎಂಬ ಧೈರ್ಯ. ಬೆಸುಗೆಯ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಅದರ ಶಾಸ್ತ್ರ ನನಗೆ ಗೊತ್ತು, ಪರೀಕ್ಷೆಯಲ್ಲಿ ಅಂಕವೂ ಬಂದಿತ್ತು.

42 ಸಂಧಿಗಳು

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಬೆಳೆದ ಹಳ್ಳಿಯಲ್ಲಿ ಒಂದು ಕುಲುಮೆಯಿತ್ತು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹಾಕುವ ದಿನ ಅಲ್ಲಿ ನಮ್ಮ ಹುಡುಗರ ಗುಂಪು ಸೇರುತ್ತಿತ್ತು. ಬೆರಣಿಯ ಬೆಂಕಿಯಲ್ಲಿ ಪಟ್ಟೆಯನ್ನು ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹೊಯ್ದರೆ, ಅದು ಕುಗ್ಗಿ ಚಕ್ರವನ್ನು ಬಿಗಿಹಿಡಿಯುತ್ತಿತ್ತು. ಅಲ್ಲಿ ನಿಂತಿದ್ದಕ್ಕೆ ಮನೆಯಲ್ಲಿ ಬೈಗುಳ. "ಓದದೆ ಹೋದರೆ ಕುಲುಮೆಯಲ್ಲಿ ತಿದಿ ಒತ್ತಬೇಕಾದೀತು" ಎಂಬುದು ನಮ್ಮ ತಂದೆಯವರು ದಿನವೂ ಹೇಳುತ್ತಿದ್ದ ಮಾತು. ಅದೇ ಮಾತನ್ನು ಅಮೆರಿಕೆಗೆ ತಕ್ಕಂತೆ ಬದಲಿಸಿ ನಾನು ಮಗನಿಗೂ ಹೇಳುತ್ತ ಬಂದಿದ್ದೆ.

2014ರ ಶರತ್ಕಾಲದಲ್ಲಿ ಅವನು ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗ ಸೇರಿದ. ಒಂದೇ ವರ್ಷ. ಮರುವರ್ಷ, ನಮಗೆ ತಿಳಿಸದೆ, ಸಮೀಪದ ಕಮ್ಯುನಿಟಿ ಕಾಲೇಜಿನಲ್ಲಿ ವೆಲ್ಡಿಂಗ್ ತರಗತಿಗೆ ಹೆಸರು ಬರೆಸಿದ್ದ. ತಿಳಿದಾಗ ಮನೆಯಲ್ಲಿ ನಡೆದುದನ್ನು ಬರೆಯಲಾರೆ. ನಾನು ಆಡಿದ ಒಂದು ಮಾತನ್ನು ಇಂದಿಗೂ ಹಿಂದಕ್ಕೆ ಪಡೆಯಬೇಕೆನಿಸುತ್ತದೆ. ಆರು ವಾರ ಅವನು ಗರಾಜಿಗೆ ಕಾಲಿಡಲಿಲ್ಲ. ಹಟ ಹಿಡಿದು ನಾನೊಬ್ಬನೇ ಸಂಧಿಯ ಮೇಲೆ ಸಂಧಿ ಬೆಸೆದೆ. ಒಟ್ಟು 42.

ಒಂದು ಶನಿವಾರ ಬೆಳಗ್ಗೆ ಅವನು ಟಾರ್ಚು ಹಿಡಿದು ಗರಾಜಿಗೆ ಬಂದ. ಒಂದೊಂದೇ ಸಂಧಿಯ ಮೇಲೆ ಬೆರಳಾಡಿಸಿದ. "ಅಪ್ಪ, ಇದನ್ನೆಲ್ಲ ಕತ್ತರಿಸಬೇಕು" ಎಂದ. ನನಗೆ ಸಿಟ್ಟು ಬಂದಿತು. ಅವನು ವಾದಿಸಲಿಲ್ಲ. ಉಳಿದ ಕೊಳವೆಯ ತುಂಡುಗಳನ್ನು ತೆಗೆದು, ನನ್ನಿಂದ ಒಂದು ಬೆಸುಗೆ ಹಾಕಿಸಿದ, ಕಾಲೇಜಿನಲ್ಲಿ ತಾನು ಬೆಸೆದ ಒಂದು ತುಂಡನ್ನು ಅದರ ಪಕ್ಕದಲ್ಲಿಟ್ಟ. ನನ್ನದನ್ನು ಇಕ್ಕಳದ ಮೇಜಿಗೆ ಬಿಗಿದು ಸುತ್ತಿಗೆಯಿಂದ ಹೊಡೆದ. ಮೂರನೆಯ ಏಟಿಗೆ ಬೆಸುಗೆ ಒಂದು ಕೊಳವೆಯಿಂದ ಸಿಪ್ಪೆಯಂತೆ ಎದ್ದು ಬಂದಿತು. ತನ್ನದನ್ನು ಹೊಡೆದ. ಕೊಳವೆ ಬಾಗಿತು, ಚಪ್ಪಟೆಯಾಯಿತು, ಬೆಸುಗೆ ಬಿಡಲಿಲ್ಲ.

ಕಾರಣ ಸರಳ. ಮನೆಯ 120 ವೋಲ್ಟಿನ ಸಾಕೆಟ್ಟಿಗೆ ಹಾಕುವ ಚಿಕ್ಕ ಯಂತ್ರಕ್ಕೆ ಈ ದಪ್ಪದ ಕೊಳವೆ ಹೆಚ್ಚುಕಡಮೆ ಕೊನೆಯ ಮಿತಿ. ಸಾಲದ್ದಕ್ಕೆ ನಾನು ಕೈಯನ್ನು ಬೇಗ ಬೇಗ ಓಡಿಸುತ್ತಿದ್ದೆ. ಕಾಯದ ಕಾವಲಿಯ ಮೇಲೆ ಹಿಟ್ಟು ಹೊಯ್ದಂತೆ ಕರಗಿದ ತಂತಿ ಮೇಲೆ ಕುಳಿತಿತ್ತೇ ಹೊರತು ಕೊಳವೆಯೊಳಕ್ಕೆ ಇಳಿದಿರಲಿಲ್ಲ. ಮೇಲಿನಿಂದ ನೋಡಿದರೆ ಮಾತ್ರ ಬಲು ಅಂದ! ನಾನು ಕಂಪ್ಯೂಟರಿನಲ್ಲಿ ಹಾಕಿದ ಲೆಕ್ಕದಲ್ಲಿ ಪ್ರತಿಯೊಂದು ಸಂಧಿಯೂ ಪರಿಪೂರ್ಣವೆಂದೇ ಗೃಹೀತ. ಆ ಗೃಹೀತವನ್ನು ನಿಜ ಮಾಡುವವರು ಯಾರೆಂದು ನಾನು ಇಪ್ಪತ್ತೈದು ವರ್ಷ ಯೋಚಿಸಿರಲೇ ಇಲ್ಲ.

ಕತ್ತರಿಸಿದೆವು. 42 ಸಂಧಿಗಳು, ನಾಲ್ಕು ವಾರಾಂತ್ಯಗಳು. ಎಲೆಕ್ಟ್ರೀಷಿಯನ್ನನನ್ನು ಕರೆಸಿ 240 ವೋಲ್ಟಿನ ಸಂಪರ್ಕ ಹಾಕಿಸಿ ದೊಡ್ಡ ಯಂತ್ರ ತಂದೆವು. ಬಳಿಕ ಅವನು ಬೆಸೆದ, ನಾನು ಕೊಳವೆಯ ತುದಿಗಳನ್ನು ಉಜ್ಜಿ ಹೊಳಪು ಮಾಡಿಕೊಟ್ಟೆ. ಮೊದಲು ಎಲ್ಲ ಕಡೆ ಚುಕ್ಕೆ ಚುಕ್ಕೆಯಾಗಿ ಹಿಡಿಸಿ, ಅಳತೆ ನೋಡಿ, ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಮುಂದೊಂದು, ಹಿಂದೊಂದು ಎಂದು ಜಾಗ ಬದಲಿಸುತ್ತ ಪೂರ್ತಿ ಬೆಸೆಯಬೇಕು. ಏಕೆಂದರೆ ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುತ್ತ ಇಡೀ ಚೌಕಟ್ಟನ್ನು ತನ್ನೆಡೆಗೆ ಎಳೆಯುತ್ತದೆ. ನಮ್ಮೂರ ಕುಲುಮೆಯಲ್ಲಿ ಚಕ್ರವನ್ನು ಬಿಗಿಹಿಡಿಯುತ್ತಿದ್ದ ಶಕ್ತಿಯೇ ಇದು. ಅದನ್ನು ಮಗನಿಗೆ ಹೇಳಿದೆ. ಅವನು ಮುಖವಾಡ ಮೇಲೆತ್ತಿ, "ಅವರ ಹೆಸರೇನು ಅಪ್ಪ?" ಎಂದು ಕೇಳಿದ. ಪಟ್ಟೆ ಹಾಕುತ್ತಿದ್ದವರ ಹೆಸರು ನನಗೆ ಗೊತ್ತಿರಲಿಲ್ಲ.

ಇದನ್ನೋದಿ ಯಾರಾದರೂ ಗರಾಜಿಗೆ ಇಳಿಯುವುದಾದರೆ ಎರಡು ಎಚ್ಚರಿಕೆಯ ಮಾತು. ಬ್ರೇಕು ತೊಳೆಯುವ ಕ್ಲೋರಿನ್‌ಯುಕ್ತ ದ್ರವವನ್ನು ಬೆಸೆಯುವ ಲೋಹದ ಹತ್ತಿರಕ್ಕೂ ತರಕೂಡದು. ಬೆಸುಗೆಯ ತಾಪಕ್ಕೆ ಅದು ಫಾಸ್ಜೀನ್ ಎಂಬ ಮಾರಕ ವಿಷಾನಿಲವಾಗಬಲ್ಲುದು. ಮುಖವಾಡವಿಲ್ಲದೆ ಬೆಸುಗೆಯ ಬೆಳಕನ್ನು ನೋಡಬಾರದು. ನಾನು ಒಮ್ಮೆ ಅಜಾಗರೂಕತೆಯಿಂದ ನೋಡಿ, ಆ ರಾತ್ರಿಯೆಲ್ಲ ಕಣ್ಣಿಗೆ ಮರಳು ತುಂಬಿದಂತಾಗಿ ನರಳಿದ್ದೇನೆ.

ಮೋಆಬಿನ ಬಂಡೆ

2017ರ ಏಪ್ರಿಲಿನಲ್ಲಿ ಬಗ್ಗಿಯನ್ನು ಟ್ರೈಲರಿನ ಮೇಲೇರಿಸಿಕೊಂಡು ಮೋಆಬಿಗೆ ಹೋದೆವು. ಅಲ್ಲಿಯ 'ಸ್ಲಿಕ್‌ರಾಕ್' ಬಂಡೆ ಸುಮಾರು 19 ಕೋಟಿ ವರ್ಷಗಳ ಹಿಂದಿನ ಮರಳು ದಿಬ್ಬಗಳು ಗಟ್ಟಿಯಾಗಿ ಆದದ್ದು. ಹಿಂದಿನವರ ಕುದುರೆಗಳ ಕಬ್ಬಿಣದ ಲಾಳ ಜಾರುತ್ತಿದ್ದುದರಿಂದ ಆ ಹೆಸರು. ರಬ್ಬರಿಗಾದರೋ ಅದು ಉಪ್ಪುಕಾಗದದಂತೆ ಅಂಟಿಕೊಳ್ಳುತ್ತದೆ.

ಬಂಡೆಯ ಮೇಲೆ ಚಾಲಕನಿಗೆ ತನ್ನ ಚಕ್ರ ಕಾಣುವುದಿಲ್ಲ, ಆಕಾಶ ಮಾತ್ರ ಕಾಣುತ್ತದೆ. ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರಿಸುವ 'ಸ್ಪಾಟರ್' ಹೇಳಿದಂತೆ ನಡೆಯಬೇಕು. ಚಾಲಕ ನಾನು, ಸ್ಪಾಟರ್ ಮಗ. ಎರಡನೆಯ ದಿನ, ನಾಲ್ಕಡಿ ಎತ್ತರದ ಮೆಟ್ಟಿಲೊಂದರ ಬಳಿ ಅವನು ಎಡಕ್ಕೆ ತಿರುಗಿಸಲು ಸನ್ನೆ ಮಾಡಿದ. ನನಗೆ ಬಲವೇ ಸರಿಯೆನಿಸಿತು. ಬಲಕ್ಕೆ ತಿರುಗಿಸಿದೆ. ಮುಂದಿನ ಎಡಚಕ್ರ ಮೆಟ್ಟಿಲೇರಿತು, ಹಿಂದಿನ ಬಲಚಕ್ರ ಒಂದು ಗುಂಡಿಗೆ ಇಳಿಯಿತು. ಗಾಡಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಬಲಮಗ್ಗುಲಿಗೆ ಮಲಗಿ, ಅಷ್ಟಕ್ಕೆ ತೃಪ್ತಿಯಾಗದೆ ಪೂರ್ತಿ ತಲೆಕೆಳಗಾಯಿತು.

ಐದು ಪಟ್ಟಿಯ ಬೆಲ್ಟಿನಲ್ಲಿ ಬಾವಲಿಯಂತೆ ತೂಗುತ್ತಿದ್ದ ನನಗೆ ಮೊದಲು ಕೇಳಿಸಿದ್ದು, "ಎಂಜಿನ್ ಆಫ್ ಮಾಡು! ಕೈ ಒಳಗೇ ಇರಲಿ!" ಎಂಬ ಅವನ ಕೂಗು. ಆಮೇಲೆ ಅವನ ಮುಖ ಕಂಡಿತು, ಸುಣ್ಣದಂತೆ ಬಿಳಿಚಿಕೊಂಡಿತ್ತು. ಬೇರೆ ಗಾಡಿಗಳವರು ಓಡಿಬಂದು, ನನ್ನನ್ನು ಹೊರಗೆಳೆದು, ವಿಂಚಿನಿಂದ ಬಗ್ಗಿಯನ್ನು ನೆಟ್ಟಗೆ ನಿಲ್ಲಿಸಿದರು. ಅವನು ನನ್ನ ಮೈ ಕೈ ನೋಡಿದ ಮೇಲೆ ನೇರವಾಗಿ ಪಂಜರದ ಬಲಮೂಲೆಗೆ ಹೋದ. ಕೊಳವೆ ಅರ್ಧ ಅಂಗುಲ ತಗ್ಗಾಗಿತ್ತು, ಬಣ್ಣ ಕೆತ್ತಿಹೋಗಿತ್ತು. ಸಂಧಿಯಲ್ಲಿ ಒಂದು ಗೀರು ಬಿರುಕೂ ಇರಲಿಲ್ಲ. ಅವನು ಅಲ್ಲೇ ಬಂಡೆಯ ಮೇಲೆ ಕುಳಿತು ಅತ್ತುಬಿಟ್ಟ. ನನ್ನ 42 ಸಂಧಿಗಳಲ್ಲಿ ಆ ಮೂಲೆಯದೂ ಒಂದಾಗಿತ್ತು. ಅದನ್ನು ಸುತ್ತಿಗೆ ಹಿಡಿದು ಪರೀಕ್ಷಿಸುವ ಧೈರ್ಯ ಅವನಿಗೆ ಇಲ್ಲದೆ ಹೋಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿದ್ದೆನೇ ಎಂಬುದನ್ನು ಓದುಗರೇ ಊಹಿಸಬಹುದು.

ಉತ್ತರ

ಇಷ್ಟೆಲ್ಲ ಆದ ಮೇಲೂ ಹಿಂದಿನ ಸಮ್ಮೇಳನದಲ್ಲಿ ನಾನು ಹೇಳಿದ್ದು "ಲೋಹಗಳ ಕ್ಷೇತ್ರ" ಎಂದು! ಗರಾಜಿನಲ್ಲಿ ಕಲಿತ ಪಾಠ ಭೋಜನಶಾಲೆಯ ಬಾಗಿಲವರೆಗೂ ನನ್ನ ಜೊತೆ ಬರಲಿಲ್ಲ. ನಮ್ಮ ಸಮ್ಮೇಳನಗಳಲ್ಲಿ ಮಕ್ಕಳ ಬಗ್ಗೆ ಕೇಳುವ ಪ್ರಶ್ನೆಗೆ ಮೂರೋ ನಾಲ್ಕೋ ಉತ್ತರಗಳು ಮಾತ್ರ ಸಲ್ಲುತ್ತವೆ. ನನ್ನ ಮಗನ ಕಸುಬು ಆ ಪಟ್ಟಿಯಲ್ಲಿಲ್ಲ. ಅವನು ಪರೀಕ್ಷೆಗಳಲ್ಲಿ ಉತ್ತೀರ್ಣನಾಗಿ ಅಧಿಕೃತ ವೆಲ್ಡರ್ ಆಗಿದ್ದಾನೆ. ದಿನವೂ ಹೊಗೆ, ಬೆಂಕಿ, ಬಿಸಿಲು. ಸಂಜೆ ಮನೆಗೆ ಬಂದಾಗ ಅಂಗಿಯ ತೋಳಿನಲ್ಲಿ ಕಿಡಿ ಸುಟ್ಟ ತೂತುಗಳಿರುತ್ತವೆ. ಆಸ್ಪತ್ರೆಗಳ, ಶಾಲೆಗಳ ಉಕ್ಕಿನ ಚೌಕಟ್ಟುಗಳಲ್ಲಿ ಅವನ ಬೆಸುಗೆಗಳಿವೆ. ಅವುಗಳ ಕೆಳಗೆ ನಡೆದಾಡುವವರಿಗೆ ಅವನ ಹೆಸರು ಗೊತ್ತಿಲ್ಲ, ನನಗೆ ನಮ್ಮೂರ ಕುಲುಮೆಯವರ ಹೆಸರು ಗೊತ್ತಿಲ್ಲದಂತೆ.

ಬಗ್ಗಿ ಇನ್ನೂ ನಮ್ಮ ಗರಾಜಿನಲ್ಲಿದೆ. ತಗ್ಗಾದ ಕೊಳವೆಯನ್ನು ಬದಲಿಸಲು ನಾನೇ ಬಿಡಲಿಲ್ಲ. ಸೀಟಿನ ಕೆಳಗಿನ ತಗಡಿನ ಬೆಸುಗೆ ಮಾತ್ರ ನನ್ನದು. ಅದು ಕಳಚಿದರೆ ಪ್ರಾಣಾಪಾಯವಿಲ್ಲವೆಂದು ಮಗ ಅನುಮತಿ ಕೊಟ್ಟಿದ್ದ.

ಈ ಬಾರಿ ಅವನೂ ನಮ್ಮೊಡನೆ ಸಮ್ಮೇಳನಕ್ಕೆ ಬರುತ್ತಿದ್ದಾನೆ. ಆ ಹಿರಿಯ ಮಿತ್ರರು ಊಟದ ಸಾಲಿನಲ್ಲಿ ಸಿಕ್ಕರೆ ದಯವಿಟ್ಟು ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು. ಅವನು ಪಕ್ಕದಲ್ಲಿ ನಿಂತಿರುವಾಗಲೇ ಕೇಳಬೇಕು.